ಯೀಸ್ಟ್ ಡಯಟ್ ಅಂತ ರೊಟ್ಟಿ ಬಿಡಬ್ಯಾಡ್ರಿ

1/10

ದೋಸ್ತರ, ಈ ಸಲದ ಸೀರೀಸ್ ಸ್ವಲ್ಪ ಬ್ಯಾರೆ ಐತಿ. ಕಿತ್ತೂರ ಕೋಟೆ, ನವಿಲುತೀರ್ಥದ ನೀರು, ಎಲ್ಲಮ್ಮನ ಗುಡ್ಡದ ಸಂಜಿ, ಎಲ್ಲಾ ಫೋಟೊ ನೋಡಿ ಲೈಕ್ ಒತ್ತೀರಿ. ಇವತ್ತಿನ ಹತ್ತೂ ಫೋಟೊದಾಗ ಊಟದ ತಾಟು ಅಷ್ಟ ಅದಾವು. ಮಾತು ಮಾತ್ರ ನಮ್ಮ ಕಡೆ ಯಾರೂ ಜೋರಾಗಿ ಆಡದ ಒಂದು ವಿಷಯದ್ದು: ಯೀಸ್ಟ್ ಇನ್ಫೆಕ್ಷನ್, ಮತ್ತ ಅದಕ್ಕಂತ ಮಾಡೋ ಡಯಟ್.

ಯಾಕ ಬರೀಲಿಕ್ಕೆ ಕುಂತೆ ಅಂದ್ರ, ಒಂದ ತಿಂಗಳದಾಗ ಏಳು ಮಂದಿ ನನಗ ಒಂದ ಚಾರ್ಟ್ ಕಳಿಸ್ಯಾರ. ಬೈಲಹೊಂಗಲದಾಕಿ ಒಬ್ಬಾಕಿ, ಸವದತ್ತಿಯವರು ಮೂರು ಮಂದಿ, ಉಳಿದವರು ರಾಮದುರ್ಗ, ಕಿತ್ತೂರ ಕಡೆಯವರು. ಚಾರ್ಟ್ ಒಂದ, ಕೇಳೋ ಪ್ರಶ್ನೆನೂ ಒಂದ: "ಅಕ್ಕಾ, ಇದರಾಗ ಏನು ತಿನ್ಲಿ, ಏನು ಬಿಡ್ಲಿ?"

ನಾನು ಡಾಕ್ಟರ್ ಅಲ್ಲ. ಬಿ.ಎಸ್‌ಸಿ. ಎರಡನೇ ವರ್ಷ, ಹಾಸ್ಟೆಲಿನ್ಯಾಗ ಇರೋ ಹುಡುಗಿ. ಆದ್ರ ಹೋದ ವರ್ಷ ನನಗ ಇದು ಮೂರು ಸಲ ಬಂದಿತ್ತು. ಔಷಧ ತಗೊಂಡೆ, ಓದಿದೆ, ಕೇಳಿದೆ, ನಮ್ಮ ಮನಿ ಅಡಗಿಮನಿಯಾಗ ಏನು ಬದಲಿ ಮಾಡಬೇಕೋ ಅದನ್ನ ಮಾಡಿದೆ. ಅಷ್ಟ ಹೇಳ್ತೀನಿ. ಹುಡುಗರು "ಇದು ನಮಗಲ್ಲ" ಅಂತ ಮುಂದ ಹೋಗಬ್ಯಾಡ್ರಿ, ನಿಮಗೂ ಇದರಾಗ ಪಾಲು ಐತಿ.

ಸೇವ್ ಮಾಡ್ಕೊಳ್ರಿ, ನಿಧಾನಕ್ಕ ಓದ್ರಿ.

2/10

ಮೊದಲು ಇದು ಏನು ಅಂತ ತಿಳ್ಕೊಳ್ಳೋಣ.

ಕ್ಯಾಂಡಿಡಾ ಅಂದ್ರ ಒಂದು ನಮೂನಿ ಯೀಸ್ಟ್. ಕಣ್ಣಿಗೆ ಕಾಣದ ಶಿಲೀಂಧ್ರ. ಇದು ಹೊರಗಿಂದ ಬಂದ ಕಳ್ಳ ಅಲ್ಲ. ಬಹಳಷ್ಟು ಮಂದಿಯ ಬಾಯಾಗ, ಕರುಳಿನ್ಯಾಗ, ಹೆಣ್ಣುಮಕ್ಕಳ ಯೋನಿಯೊಳಗ ಸುಮ್ಮನ ಇರ್ತೈತಿ. ಅಲ್ಲೇ ಇರೋ ಒಳ್ಳೆ ಬ್ಯಾಕ್ಟೀರಿಯಾ ಅದನ್ನ ಮಿತಿಯಾಗ ಇಡ್ತಾವು. ಆ ತೂಕ ತಪ್ಪಿದಾಗ ಯೀಸ್ಟ್ ಮಿತಿ ಮೀರಿ ಬೆಳಿತೈತಿ. ಅದಕ್ಕ ಯೀಸ್ಟ್ ಇನ್ಫೆಕ್ಷನ್ ಅಂತಾರ.

ತೂಕ ಯಾಕ ತಪ್ಪತೈತಿ? ದೊಡ್ಡ ಕಾರಣ ಇಷ್ಟು: ಆಂಟಿಬಯೋಟಿಕ್ ಗುಳಿಗಿ (ಕೆಟ್ಟ ಬ್ಯಾಕ್ಟೀರಿಯಾ ಜೋಡಿ ಒಳ್ಳೇದನ್ನೂ ಕೊಲ್ಲತೈತಿ), ಬಸಿರು, ಹತೋಟಿಯಾಗ ಇಲ್ಲದ ಸಕ್ಕರಿ ಕಾಯಿಲೆ, ಸ್ಟೆರಾಯ್ಡ್ ಔಷಧ, ರೋಗ ತಡೆಯೋ ಶಕ್ತಿ ಕಡಿಮಿ ಇರೋದು. ನನಗ ಮೊದಲ ಸಲ ಬಂದಿದ್ದು ಗಂಟಲ ನೋವಿಗೆ ಐದು ದಿನ ಆಂಟಿಬಯೋಟಿಕ್ ತಗೊಂಡ ಮ್ಯಾಲ.

ಗುರುತು: ಕಡಿತ, ಉರಿ, ಕೆಂಪಾಗೋದು, ಒಡದ ಮಸರಿನಂಗ ಬಿಳಿ ಹೋಗೋದು. ವಾಸನಿ ಸಾಮಾನ್ಯವಾಗಿ ಇರೂದಿಲ್ಲ. ಮೀನಿನಂಥ ವಾಸನಿ, ಹಸರು-ಹಳದಿ ಬಣ್ಣ, ಜ್ವರ, ಕೆಳಹೊಟ್ಟಿ ನೋವು ಇದ್ರ ಅದು ಬ್ಯಾರೆ ಏನೋ ಇರಬಹುದು, ತಡ ಮಾಡದ ತೋರಿಸ್ರಿ.

ನಾಲ್ಕು ಹೆಣ್ಣುಮಕ್ಕಳಾಗ ಮೂರು ಮಂದಿಗೆ ಜೀವನದಾಗ ಒಮ್ಮೆರ ಇದು ಬರ್ತೈತಿ. ಮೂರು ಮಂದಿ! ನಿಮ್ಮ ಬೆಂಚಿನ್ಯಾಗ ನಾಲ್ಕು ಮಂದಿ ಕುಂತಿದ್ರ ಲೆಕ್ಕ ಹಾಕ್ರಿ. ಆದ್ರ ನಮ್ಮಲ್ಲಿ "ಬಿಳಿ ಹೋದ್ರ ಎಲುಬು ಕರಗತಾವು" ಅಂತಾರ. ಎಲುಬು ಕರಗೂದಿಲ್ಲ. ತಿಂಗಳದಾಗ ಕೆಲವು ದಿನ ತಿಳಿ ಬಿಳಿ ಹೋಗೋದು ರೋಗನೂ ಅಲ್ಲ, ಅದು ದೇಹದ ಸಹಜ ಕೆಲಸ. ಕಡಿತ, ಉರಿ ಇದ್ರ ಅಷ್ಟ ಚಿಂತಿ ಮಾಡ್ರಿ.

3/10

ಈಗ ಆ ಚಾರ್ಟಿಗೆ ಬರೋಣ. "21 ದಿನದ ಕ್ಯಾಂಡಿಡಾ ಡಯಟ್" ಅಂತ ಮ್ಯಾಲ ದಪ್ಪ ಅಕ್ಷರ.

ಬಿಡಬೇಕಾದ್ದು: ಸಕ್ಕರಿ, ಬೆಲ್ಲ, ಜೇನು, ಎಲ್ಲಾ ಹಣ್ಣು, ಅಕ್ಕಿ, ಗೋಧಿ, ಜ್ವಾಳ, ಬಟಾಟಿ, ಹಾಲು, ಮಸರು, ಶೇಂಗಾ, ಇಡ್ಲಿ-ದ್ವಾಸಿ, ಅಣಬಿ, ಎಲ್ಲಾ ಕಾಳು.
ತಿನ್ನಬೇಕಾದ್ದು: ಅವಕಾಡೊ, ಬಾದಾಮಿ ಹಿಟ್ಟಿನ ಬ್ರೆಡ್, ಆಲಿವ್ ಎಣ್ಣಿ, ಬ್ರೊಕೊಲಿ, ಸಾಲ್ಮನ್ ಮೀನು.

ಬೈಲಹೊಂಗಲದ ಸಂತಿಯಾಗ ಸಾಲ್ಮನ್ ಮೀನು ಹುಡುಕ್ರಿ, ಸಿಕ್ಕರ ನನಗೂ ಹೇಳ್ರಿ.

ನಗಬಹುದು, ಆದ್ರ ನಮ್ಮ ಪಕ್ಕದ ರೂಮಿನ ಹುಡುಗಿ ಇದನ್ನ ಖರೇನ ಮಾಡಿದ್ಲು. (ಆಕಿನ್ನ ಕೇಳೇ ಬರೀತೀನಿ, ಹೆಸರು ಬರೆಯೂದಿಲ್ಲ.) ತಿನ್ನೋ ಪಟ್ಟಿಯಾಗ ಇದ್ದದ್ದು ಇಲ್ಲಿ ಸಿಗೂದಿಲ್ಲ, ಸಿಗೋದೆಲ್ಲಾ ಬಿಡೋ ಪಟ್ಟಿಯಾಗ ಐತಿ. ಉಳಿದಿದ್ದು ಏನು? ಕುದಿಸಿದ ಕ್ಯಾಬೀಜು, ಸವತಿಕಾಯಿ, ದಿನಕ್ಕ ಒಂದು ತತ್ತಿ. ಹದಿನಾರು ದಿನ ಹಂಗ ಕಳದ್ಲು. ಹದಿನೇಳನೇ ದಿನ ಬಸ್‌ಸ್ಟ್ಯಾಂಡಿನ್ಯಾಗ ಕಣ್ಣಿಗೆ ಕತ್ಲಿ ಬಂದು ಕುಂತುಬಿಟ್ಲು. ರಕ್ತ ತೋರಿಸಿದ್ರ ಹಿಮೋಗ್ಲೋಬಿನ್ 8.6. ಹೆಣ್ಣುಮಕ್ಕಳಿಗೆ 12ಕ್ಕಿಂತ ಕಡಿಮಿ ಇದ್ರ ರಕ್ತಹೀನತೆ ಅಂತ ಲೆಕ್ಕ.

ಹದಿನಾರ ದಿನದಾಗ ಅಷ್ಟು ಇಳಿಯೂದಿಲ್ಲ, ಮೊದಲ ಕಡಿಮಿ ಇದ್ದಿರಬೇಕು ಅಂತ ಡಾಕ್ಟರು ಹೇಳಿದ್ರು. ಖರೆ ಐತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಾಗ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಾಗ 57 ಪರ್ಸೆಂಟ್ ಮಂದಿಗೆ ರಕ್ತ ಕಡಿಮಿ. ಅಂದ್ರ ಮೊದಲ ಅರ್ಧ ಖಾಲಿ ಇರೋ ಕೊಡಕ್ಕ ಈ ಚಾರ್ಟ್ ಇನ್ನೊಂದು ತೂತು ಕೊರಿತೈತಿ.

ಮತ್ತ ಆಕಿಯ ಕಡಿತ? ಅದು ಹೋಗಿರಲಿಲ್ಲ.

4/10

ಹಂಗಾದ್ರ ಈ ಪಟ್ಟಿ ಎಲ್ಲಿಂದ ಬಂತು?

1983ರಾಗ ಅಮೆರಿಕದ ವಿಲಿಯಂ ಕ್ರೂಕ್ ಅನ್ನೋ ಡಾಕ್ಟರು ಒಂದು ಪುಸ್ತಕ ಬರದ್ರು. ದಣಿವು, ತಲಿನೋವು, ಮನಸ್ಸು ಕುಗ್ಗೋದು, ಹೊಟ್ಟಿ ಉಬ್ಬರ, ಹಿಂಥಾ ಎಲ್ಲಾದಕ್ಕೂ ಮೈಯಾಗ ಬೆಳೆದ ಯೀಸ್ಟ್ ಕಾರಣ, ಸಕ್ಕರಿ ಮತ್ತ ಯೀಸ್ಟ್ ಇರೋ ಆಹಾರ ಬಿಡ್ರಿ ಅನ್ನೋದು ಅದರ ವಾದ. ಪುಸ್ತಕ ಲಕ್ಷಗಟ್ಟಲೆ ಮಾರಾಟ ಆತು. ಇವತ್ತಿನ ಚಾರ್ಟುಗಳೆಲ್ಲಾ ಅದರ ಮೊಮ್ಮಕ್ಕಳು.

ಪರೀಕ್ಷೆ ಮಾಡಿದವರೂ ಅದಾರ. 1990ರಾಗ ಅಮೆರಿಕದಾಗ ಹಿಂಥಾ ತೊಂದರಿ ಇದ್ದ 42 ಹೆಣ್ಣುಮಕ್ಕಳ ಮ್ಯಾಲ ಒಂದು ಅಧ್ಯಯನ ಆತು. ಒಂದಿಷ್ಟು ದಿನ ಯೀಸ್ಟ್ ಕೊಲ್ಲೋ ನಿಸ್ಟ್ಯಾಟಿನ್ ಔಷಧ, ಒಂದಿಷ್ಟು ದಿನ ಏನೂ ಇಲ್ಲದ ಸುಳ್ಳ ಗುಳಿಗಿ. ಯೋನಿಯ ಕಡಿತಕ್ಕ ಖರೇ ಔಷಧ ಉಪಯೋಗ ಆತು. ದಣಿವು, ತಲಿನೋವಿನಂಥ ತೊಂದರಿಗೆ ಮಾತ್ರ ಸುಳ್ಳ ಗುಳಿಗಿನೂ ಅಷ್ಟ ಕೆಲಸ ಮಾಡ್ತು. ಅಂದ್ರ ಕಡಿತ ಯೀಸ್ಟಿಂದು, ದಣಿವಿನ ಕಾರಣ ಬ್ಯಾರೆ ಕಡೆ ಹುಡುಕಬೇಕು. ನಮ್ಮ ಕಡೆ ಬಹಳಷ್ಟು ಸಲ ಆ ಬ್ಯಾರೆ ಕಡೆ ಅಂದ್ರ ರಕ್ತ ಕಡಿಮಿ ಇರೋದು!

1999ರಾಗ ಜರ್ಮನಿಯೊಳಗ ಆರೋಗ್ಯವಂತರಾದ 28 ಮಂದಿಗೆ ಬೇಕಂತ ಹೆಚ್ಚ ಸಕ್ಕರಿ ತಿನ್ನಿಸಿ ನೋಡಿದ್ರು. ಅವರ ಬಾಯಿ, ಕರುಳಿನ ಕ್ಯಾಂಡಿಡಾದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಹಂಗಂತ ಊಟಕ್ಕೂ ಇದಕ್ಕೂ ಸಂಬಂಧನ ಇಲ್ಲ ಅನ್ಕೋಬ್ಯಾಡ್ರಿ. ಒಂದು ಗಟ್ಟಿ ಸಂಬಂಧ ಐತಿ: ರಕ್ತದ ಸಕ್ಕರಿ. ಅದು 180ರ ಆಸುಪಾಸು ದಾಟಿತು ಅಂದ್ರ ಉಚ್ಚಿಯಾಗ ಸಕ್ಕರಿ ಹೋಗಾಕ ಚಾಲು ಆಗತೈತಿ. ಯೀಸ್ಟಿಗೆ ಅದು ಹಬ್ಬದೂಟ. ಮ್ಯಾಲ ರೋಗದ ಜೋಡಿ ಹೊಡದಾಡೋ ರಕ್ತಕಣಗಳೂ ಆಗ ಮೆತ್ತಗ ಆಗಿರ್ತಾವು.

ಇದನ್ನ ನಾನು ಪುಸ್ತಕದಾಗ ಓದಿದ್ದಕ್ಕಿಂತ ಹೆಚ್ಚ ಮನಿಯಾಗ ನೋಡೀನಿ.

5/10

ಈ ಕ್ಯಾಪ್ಷನ್ ನಮ್ಮ ಅವ್ವಂದು. ಆಕಿನ ಕೇಳಿದೆ, "ಬರಿ, ಯಾರಿಗರ ಉಪಯೋಗ ಆಗ್ಲಿ" ಅಂದ್ಲು.

ಮೂರನೇ ಸಲ ಬಂದಾಗ ನಾನು ಚಾರ್ಟ್ ತಗೊಂಡು ಡಾಕ್ಟರ್ ಬಾಯಾರ ಕಡೆ ಹೋದೆ. ಅವರು ಚಾರ್ಟ್ ನೋಡಿ ಬದಿಗಿಟ್ರು. ತಪಾಸಣೆ ಮಾಡಿದ್ರು, ಔಷಧ ಬರದ್ರು, ರಕ್ತದ ಸಕ್ಕರಿನೂ ನೋಡಿದ್ರು. ವರ್ಷದಾಗ ಮೂರು ಅಥವಾ ಅದಕ್ಕಿಂತ ಹೆಚ್ಚ ಸಲ ಬಂದ್ರ ಸಕ್ಕರಿ ನೋಡಲೇಬೇಕು ಅಂದ್ರು. ನಂದು ಸರಿ ಇತ್ತು. ಆಮ್ಯಾಲ ಕೇಳಿದ್ರು: "ಮನಿಯಾಗ ಯಾರಿಗರ ಸಕ್ಕರಿ ಐತೇನು? ನಿಮ್ಮ ಅವ್ವಗ?"

ಗೊತ್ತಿಲ್ಲ ಅಂದೆ. ಅವ್ವಗ ಯಾರೂ ಎಂದೂ ನೋಡೇ ಇರಲಿಲ್ಲ.

ಶನಿವಾರ ಊರಿಗೆ ಹೋಗಿ ರಾತ್ರಿ ಮಲಗೋ ಹೊತ್ತಿನ್ಯಾಗ ಅವ್ವಗ ನಂದು ಎಲ್ಲಾ ಹೇಳಿದೆ. ಆಕಿ ಬಹಳ ಹೊತ್ತು ಸುಮ್ಮನಿದ್ಲು. ಆಮ್ಯಾಲ ಕತ್ತಲದಾಗ ಮೆಲ್ಲಕ ಅಂದ್ಲು: "ನನಗ ವರ್ಷಾತು."

ವರ್ಷ! ಹೊಲದಾಗ ದಿನಾ ಬಗ್ಗಿ ಕಳೆ ತಗಿತಾಳ, ಬೆವರಿನ್ಯಾಗ ಉರಿ ತಡಕೊಂಡು. ಯಾರಿಗೂ ಹೇಳಿಲ್ಲ, ಅಪ್ಪಗೂ. ಓಣಿಯವರು "ಉಷ್ಣ ಆಗೈತಿ, ತಂಪ ಮಾಡ್ಕೊ" ಅಂದಿದ್ದಕ್ಕ ದಿನಾ ಎರಡು ಸಲ ಬೆಲ್ಲದ ಪಾನಕ, ಸಕ್ಕರಿ ಹಾಕಿದ ಕಾಮಕಸ್ತೂರಿ ಬೀಜದ ನೀರು ಕುಡೀತಿದ್ಲು. ರಾತ್ರಿ ನಾಲ್ಕು ಸಲ ಎದ್ದು ಹೋಗ್ತಿದ್ದಿದ್ದು, ಹೊತ್ತಿಲ್ಲದ ನೀರಡಿಕಿ, ಕಾಲಿನ ಗಾಯ ಮಾಯದ ಇದ್ದಿದ್ದು ಎಲ್ಲಾ ಆಗ ನೆನಪಾತು.

ಸೋಮವಾರ ಖಾಲಿ ಹೊಟ್ಟಿಲೆ ರಕ್ತ ತೋರಿಸಿದ್ವಿ. 168. ಊಟ ಆದ ಮ್ಯಾಲ 254. ಖಾಲಿ ಹೊಟ್ಟಿಯಾಗ 100ರ ಒಳಗ ಇರಬೇಕು, 126 ದಾಟಿದ್ರ ಸಕ್ಕರಿ ಕಾಯಿಲೆ ಅಂತ ಲೆಕ್ಕ. ಇನ್ನೊಂದು ತಪಾಸಣೆಯಾಗೂ ಅದ ಬಂತು.

ಉಷ್ಣಕ್ಕಂತ ಕುಡಿದ ಪಾನಕನ ಉರಿಗೆ ಎಣ್ಣಿ ಹಾಕಿತ್ತು. ಹೇಳಿಕೊಟ್ಟವರ ತಪ್ಪು ಅಂತ ನಾನು ಅನ್ನೂದಿಲ್ಲ, ಅವರೂ ತಮಗ ಗೊತ್ತಿದ್ದನ್ನ ಹೇಳ್ಯಾರ. ಆದ್ರ ಒಂದು ವರ್ಷದ ಉರಿ ಒಂದು ಮಾತಿನಿಂದ ಕಡಿಮಿ ಆಗೋದಿತ್ತು. ಆ ಮಾತು ನಮ್ಮ ಮನಿಯಾಗ ಇರಲಿಲ್ಲ.

ಈಗ ಅವ್ವಗ ಗುಳಿಗಿ ಚಾಲು ಅದಾವು. ಕಡಿತಕ್ಕ ಬ್ಯಾರೆ ಔಷಧ ಕೊಟ್ರು, ಎರಡು ವಾರದಾಗ ಕಡಿಮಿ ಆತು. ತಾಟು ಬದಲಿ ಮಾಡೋ ಕೆಲಸ ನನ್ನ ಪಾಲಿಗೆ ಬಂತು.

6/10

ಏನು ಬಿಡಬಾರದು ಅನ್ನೋದು ಮೊದಲು.

ಜ್ವಾಳದ ರೊಟ್ಟಿ. ಬಿಡಬ್ಯಾಡ್ರಿ. 100 ಗ್ರಾಂ ಜ್ವಾಳದಾಗ ಸುಮಾರು 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣ ಐತಿ. ನಾರು ಇರೋದ್ರಿಂದ ಬಿಳಿ ಅನ್ನಕ್ಕಿಂತ ನಿಧಾನ ಜೀರ್ಣ ಆಗತೈತಿ. ರೊಟ್ಟಿಗೆ ಯೀಸ್ಟ್ ಹಾಕೂದಿಲ್ಲ, ಸಕ್ಕರಿ ಹಾಕೂದಿಲ್ಲ, ಮೈದಾ ಇಲ್ಲ. ಅಮೆರಿಕದವರು ಬಾದಾಮಿ ಹಿಟ್ಟಿನ ಬ್ರೆಡ್ ಹುಡುಕೋದು ಯಾಕಂದ್ರ ಅವರ ತಾಟಿನ್ಯಾಗ ರೊಟ್ಟಿ ಇಲ್ಲ. ನಮ್ಮದರಾಗ ಐತಿ. ಅವ್ವಗ ಲೆಕ್ಕ ಇಷ್ಟ: ಹೊತ್ತಿಗೆ ಎರಡು ರೊಟ್ಟಿ, ಅನ್ನ ಒಂದು ಸಣ್ಣ ವಾಟಿ.

ಕಾಳು. ಹೆಸರು, ಮಡಿಕಿ, ಅಲಸಂದಿ, ಕಡ್ಲಿ. ಮೊಳಕಿ ಬರಿಸಿದ್ರ ಇನ್ನೂ ಛಲೋ. ಝುಣಕಾನೂ ಕಡ್ಲಿ ಹಿಟ್ಟಿಂದ, ಅದೂ ಪ್ರೋಟೀನ.

ತಪ್ಪಲ ಪಲ್ಯ. ಮೆಂತೆ, ಪುಂಡಿ, ರಾಜಗಿರಿ, ಹಕ್ಕರಿಕಿ. ಹಕ್ಕರಿಕಿ, ಮೂಲಂಗಿ, ಉಳ್ಳಾಗಡ್ಡಿ, ಸವತಿಕಾಯಿ ಹಸೇದ ಕಡಕೊಂಡು ರೊಟ್ಟಿ ತಿನ್ನೋದು ನಮ್ಮ ಹೊಲದ ಊಟ. ಪ್ಯಾಟ್ಯಾಗ ಅದಕ್ಕ ಸಲಾಡ್ ಅಂತಾರ. ಮ್ಯಾಲ ಅರ್ಧ ಲಿಂಬಿ ಹಿಂಡ್ಕೊಂಡ್ರ ತಪ್ಪಲದಾಗಿನ ಕಬ್ಬಿಣ ಮೈಗೆ ಹೆಚ್ಚ ಹತ್ತತೈತಿ.

ಚಟ್ನಿಪುಡಿ. ಶೇಂಗಾ, ಗುರೆಳ್ಳು, ಅಗಸಿ. ಚಾರ್ಟಿನ್ಯಾಗ "ಶೇಂಗಾದಾಗ ಬೂಷ್ಟು ಇರ್ತೈತಿ" ಅಂತ ಬರದಾರ. ಹಸಿ ಹತ್ತಿದ ಶೇಂಗಾಕ್ಕ ಬರೋ ಬೂಷ್ಟು ಬ್ಯಾರೆ ಜಾತಿ, ಅದರ ವಿಷಕ್ಕ ಅಫ್ಲಾಟಾಕ್ಸಿನ್ ಅಂತ ಹೆಸರು, ಅದು ಲಿವರಿಗೆ ಕೆಟ್ಟದ್ದು. ಹಂಗಾಗಿ ಸುಕ್ಕಾಗಿದ್ದು, ಕಪ್ಪಾಗಿದ್ದು, ಕಹಿ ಆಗಿದ್ದು ಆರಿಸಿ ಒಗೀರಿ. ಒಳ್ಳೆ ಶೇಂಗಾಕ್ಕೂ ಕ್ಯಾಂಡಿಡಾಕ್ಕೂ ಸಂಬಂಧ ಇಲ್ಲ.

ಹಣ್ಣು. ಪೇರಲ, ಬಾರಿಹಣ್ಣು, ಪಪ್ಪಾಯಿ, ಮೋಸಂಬಿ. ದಿನಕ್ಕ ಒಂದು ಹಣ್ಣು ಕಡದು ತಿನ್ರಿ, ಹಿಂಡಿ ಕುಡಿಬ್ಯಾಡ್ರಿ. ಕಡದು ತಿಂದ್ರ ನಾರು ಜೋಡಿ ಹೋಗತೈತಿ.

ತತ್ತಿ, ಮೀನು, ಕೋಳಿ ತಿನ್ನೋ ಮನಿಯವರು ತಿನ್ರಿ. ತಿನ್ನದವರು ಕಾಳು, ಮಸರು ಹೆಚ್ಚ ಮಾಡ್ರಿ.

7/10

ಈಗ ಏನು ಕಡಿಮಿ ಮಾಡಬೇಕು. ನಾವು ಸಕ್ಕರಿ ಸೀಮಿಯವರು. ಚಳಿಗಾಲ ಬಂತಂದ್ರ ಎಂ.ಕೆ. ಹುಬ್ಬಳ್ಳಿ ಕಾರ್ಖಾನಿ ಕಡೆ ಹೋಗೋ ಕಬ್ಬಿನ ಟ್ರ್ಯಾಕ್ಟರ್ ಹಿಂದ ಬಸ್ಸು ಸಿಕ್ಕೊಂಡು ಕ್ಲಾಸ್ ತಪ್ಪಿಸ್ಕೊಂಡವರು ನೀವೂ ಇರ್ತೀರಿ. ಕಬ್ಬಿನ ಮ್ಯಾಲ ನನಗ ಸಿಟ್ಟಿಲ್ಲ, ನಮ್ಮ ಕಾಕಾನ ಹೊಲದಾಗೂ ಕಬ್ಬ ಐತಿ. ಲೆಕ್ಕ ಮಾತ್ರ ನೋಡೋಣ.

ವಿಶ್ವ ಆರೋಗ್ಯ ಸಂಸ್ಥೆ 2015ರಾಗ ಹೇಳಿದ್ದು: ಮ್ಯಾಲಿಂದ ಹಾಕೋ ಸಕ್ಕರಿ, ಬೆಲ್ಲ, ಜೇನು, ಜ್ಯೂಸಿನ ಸಕ್ಕರಿ ಎಲ್ಲಾ ಕೂಡಿ ದಿನಕ್ಕ ಸುಮಾರು 50 ಗ್ರಾಂ ಒಳಗ ಇರ್ಲಿ, 25ಕ್ಕ ಇಳಿಸಿದ್ರ ಇನ್ನೂ ಒಳ್ಳೇದು. 25 ಗ್ರಾಂ ಅಂದ್ರ ಸುಮಾರು ಆರು ಚಹಾ ಚಮಚ.

ಕಾಲೇಜಿನ ದಿನ: ಚಹಾಕ್ಕ ಎರಡು ಚಮಚದಂಗ ಐದು ಕಪ್ಪು, 40 ಗ್ರಾಂ. ನಡುವ ಒಂದು 250 ಎಂ.ಎಲ್. ಕೋಲಾ, ಸುಮಾರು 26 ಗ್ರಾಂ. ಇಲ್ಲಿಗೇ 66. ಇನ್ನೂ ಬೇಕರಿಯ ಕ್ರೀಮ್ ಬನ್ನು ಲೆಕ್ಕಕ್ಕ ತಗೊಂಡಿಲ್ಲ!

"ಬೆಲ್ಲ ತಿಂದ್ರ ನಡಿತೈತಿ" ಅಂತಾರ. ಬೆಲ್ಲದಾಗೂ ಬಹುಪಾಲು ಸಕ್ಕರಿನ ಇರೋದು. ರಕ್ತಕ್ಕ ಹೋದ ಮ್ಯಾಲ ಅದು ಬೆಲ್ಲ ಅಂತ ಯಾರೂ ಗುರುತು ಹಿಡಿಯೂದಿಲ್ಲ.

ನಾನು ಮಾಡಿದ್ದು: ಚಹಾ ಎರಡಕ್ಕ ಇಳಿಸಿದೆ, ಸಕ್ಕರಿ ಒಂದ ಚಮಚ. ಊಟದ ಜೋಡಿ ಚಹಾ ಪೂರ್ತಿ ಬಂದ್, ಯಾಕಂದ್ರ ಅದು ಕಬ್ಬಿಣ ಹೀರಕೊಳ್ಳೋದನ್ನ ತಡೀತೈತಿ. ಖಾರಿ, ಟೋಸ್ಟಿನ ಬದಲಿ ಹುರಿದ ಕಡ್ಲಿ, ಸೀಜನ್ನಿನ್ಯಾಗ ಸುಲಗಾಯಿ, ಸೀತನಿ. ಗಿರ್ಮಿಟ್ಟು ಬಿಟ್ಟಿಲ್ಲ, ಮಿರ್ಚಿ ವಾರಕ್ಕೊಮ್ಮೆ. ಗೆಳತ್ಯಾರ ಜೋಡಿ ಕಟ್ಟಿ ಮ್ಯಾಲ ಕುಂತು ಗಿರ್ಮಿಟ್ಟು ತಿನ್ನದ ಇದ್ರ ಬರೋ ರೋಗಕ್ಕ ಔಷಧ ಇಲ್ಲ.

ಅವ್ವ ಪಾನಕ ಬಿಟ್ಲು. ಅದರ ಬದಲಿ ಮಜ್ಜಿಗಿ: ಜೀರಿಗಿ, ಶುಂಠಿ, ಕರಿಬೇವು, ಚಿಟಿಕಿ ಉಪ್ಪು. ತಂಪೂ ಆತು, ಸಕ್ಕರಿನೂ ಏರಲಿಲ್ಲ.

8/10

ಎಲ್ಲಾರೂ ಕೇಳೋದು: ಹುಳಿ ಬಂದಿದ್ದು, ಮಸರು, ಬಳ್ಳೊಳ್ಳಿ.

ಇಡ್ಲಿ, ದ್ವಾಸಿ: ಹಿಟ್ಟು ಹುಳಿ ಬರೋದು ಬ್ಯಾಕ್ಟೀರಿಯಾ, ಯೀಸ್ಟ್ ಎರಡರಿಂದನೂ. ಆದ್ರ ಅವು ಕ್ಯಾಂಡಿಡಾ ರೋಗ ತರೋ ಜೀವಿ ಅಲ್ಲ, ಮತ್ತ ಬೇಯಿಸಿದಾಗ ಸಾಯ್ತಾವು. ಬ್ರೆಡ್ಡಿನ ಯೀಸ್ಟೂ ಬ್ಯಾರೆ ಜಾತಿ. "ಯೀಸ್ಟ್ ತಿಂದ್ರ ಯೀಸ್ಟ್ ಬೆಳಿತೈತಿ" ಅನ್ನೋದು ಹೆಸರ ನೋಡಿ ಹೆದರಿದ ಮಾತು. ಬ್ರೆಡ್ ಕಡಿಮಿ ಮಾಡ್ರಿ ಅಂದ್ರ ಕಾರಣ ಮೈದಾ ಮತ್ತ ಸಕ್ಕರಿ. ಅಣಬಿ ತಿಂದ್ರೂ ಏನೂ ಆಗೂದಿಲ್ಲ.

ಮಸರು: ತಿನ್ರಿ, ಸಕ್ಕರಿ ಹಾಕದ. ಪ್ರೋಟೀನು, ಕ್ಯಾಲ್ಸಿಯಂ ಸಿಗತೈತಿ, ಹೊಟ್ಟಿಗೆ ಹಗುರ. ಆದ್ರ ಮಸರು ತಿಂದ್ರ ಇನ್ಫೆಕ್ಷನ್ ಹೋಗತೈತಿ ಅಂತ ಔಷಧ ಬಿಡಬ್ಯಾಡ್ರಿ. 2004ರಾಗ ಆಸ್ಟ್ರೇಲಿಯಾದಾಗ ಆಂಟಿಬಯೋಟಿಕ್ ತಗೊಳ್ಳೋ ಹೆಣ್ಣುಮಕ್ಕಳಿಗೆ ಲ್ಯಾಕ್ಟೊಬ್ಯಾಸಿಲಸ್ ಕೊಟ್ಟು ನೋಡಿದ್ರು, ಯೀಸ್ಟ್ ಬರೋದು ಅದರಿಂದ ತಪ್ಪಲಿಲ್ಲ.

ಬಳ್ಳೊಳ್ಳಿ, ಕೊಬ್ಬರಿ: ಪ್ರಯೋಗಶಾಲೆಯ ತಟ್ಟಿಯಾಗ ಇವು ಯೀಸ್ಟಿನ ಬೆಳವಣಿಗಿ ತಡದಾವು. ನಮ್ಮ ಮೈ ಆ ತಟ್ಟಿ ಅಲ್ಲ. ರುಚಿಗೆ ಚಟ್ನಿಯಾಗ ಹಾಕ್ಕೊಳ್ರಿ, ಅಷ್ಟ.

ಇದನ್ನ ದೊಡ್ಡ ಅಕ್ಷರದಾಗ ಓದ್ರಿ: ಮಸರು, ಬಳ್ಳೊಳ್ಳಿ, ಅರಿಷಿಣ, ಲಿಂಬಿ, ಆಂಟಿಸೆಪ್ಟಿಕ್ ನೀರು, ಯಾವುದನ್ನೂ ಒಳಗ ಇಟ್ಕೋಬ್ಯಾಡ್ರಿ, ಹಾಕ್ಕೋಬ್ಯಾಡ್ರಿ. ಸುಡತೈತಿ, ಒಳ್ಳೆ ಬ್ಯಾಕ್ಟೀರಿಯಾ ಸಾಯ್ತಾವು. ಹೊರಗ ಬರೇ ನೀರಿನಿಂದ ತೊಳಕೊಂಡ್ರ ಸಾಕು.

ಇನ್ನೊಂದು, ಊಟಕ್ಕ ಸಂಬಂಧ ಇಲ್ಲದ್ದು: ಒಳಉಡುಪು ಹತ್ತಿದು ಇರ್ಲಿ, ಬಿಸಲಾಗ ಒಣಗಿಸ್ರಿ. ನಾವೆಲ್ಲಾ ಟಾವೆಲ್ ತಳಗ ಮುಚ್ಚಿ ಒಣಗಿಸ್ತೀವಿ, ಅದು ಒಣಗೂದಿಲ್ಲ, ಹಸೀದ ಹಾಕ್ಕೋತೀವಿ. ನಮ್ಮ ಹಾಸ್ಟೆಲಿನ್ಯಾಗ ಈಗ ಮಾಳಗಿ ಮ್ಯಾಲ ಒಂದು ಹಗ್ಗ ಅದಕ್ಕಂತನ ಐತಿ. ಹಗ್ಗಕ್ಕ ನಲವತ್ತು ರೂಪಾಯಿ ಆತು, ನಾಚಿಕಿ ಬಿಡಾಕ ಎರಡು ತಿಂಗಳಾತು.

9/10

ಚಾರ್ಟ್ ಬರದವರಿಗೆ ಗೊತ್ತಿಲ್ಲದ ಸಂಕಟ: ನಮ್ಮ ಕಡೆ ಸಿಹಿ ಬ್ಯಾಡ ಅನ್ನೋದು ಹೆಂಗ?

ಕಿತ್ತೂರ ಅತ್ತಿ ಮನಿಗೆ ಹೋದ್ರ ಮೊದಲು ಬರೋದು ಬೆಳಗಾವಿ ಕುಂದಾ. ರಾಮದುರ್ಗದ ಆಯಿ ಮನಿಯಾಗ ಶೇಂಗಾ ಹೋಳಿಗಿ ಡಬ್ಬಿ ಖಾಲಿ ಆಗೂದಿಲ್ಲ. ಮದವಿ ಪಂಕ್ತಿಯಾಗ ಹುಗ್ಗಿ, ಮಾದಲಿ ನೀಡೋವರು ಕೈ ಅಡ್ಡ ಇಟ್ರೂ ಬಿಡೂದಿಲ್ಲ. "ಯಾಕ ಬ್ಯಾಡ?" ಅಂತ ಹತ್ತು ಮಂದಿ ಕೇಳ್ತಾರ. ಖರೇ ಕಾರಣ ಹೇಳಾಕ ಬರೂದಿಲ್ಲ. ಅದಕ್ಕ ಬಹಳ ಮಂದಿ ಡಯಟ್ ಬಿಡ್ತಾರ, ಇಲ್ಲಾ ಮದವಿಗೆ ಹೋಗೋದ ಬಿಡ್ತಾರ.

ಭಾರತ ಹುಣ್ಣಿವಿಗೆ ಎಲ್ಲಾರೂ ಕೂಡಿ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗಿದ್ವಿ. ಗುಡ್ಡದ ಮ್ಯಾಲ ಒಲಿ ಹೂಡಿ, ಹೋಳಿಗಿ, ಕಡಬು, ಬದ್ನಿಕಾಯಿ ಪಲ್ಯ, ಅನ್ನ ಮಾಡಿ ಪಡ್ಡಲಗಿ ತುಂಬಿಸಿದ್ರು. ಅವ್ವ ಬಾಳ ಹೆದರಿದ್ಲು. ತಿಂದ್ರ ಸಕ್ಕರಿ ಏರತೈತಿ, ಬಿಟ್ರ ದೇವಿ ಪ್ರಸಾದ ಬ್ಯಾಡ ಅಂದಂಗ ಆಗತೈತಿ. ಆಯಿಗೆ ಎಪ್ಪತ್ತರ ಮ್ಯಾಲ ವಯಸ್ಸು. ಅವ್ವನ ಮಾರಿ ನೋಡಿ ಏನೋ ತಿಳಕೊಂಡ್ಲು. ಲಿಂಬಿಹಣ್ಣಿನಷ್ಟು ಹೋಳಿಗಿ ಮುರದು ಅವ್ವನ ಕೈಯಾಗ ಇಟ್ಟು, "ತಾಯಿ ಹೆಸರ್ಲೆ ಇಷ್ಟ ಸಾಕ. ಉಳದದ್ದು ಮಂದಿಗೆ ನೀಡು, ಅದೂ ಪುಣ್ಯನ" ಅಂದ್ಲು.

ಅವತ್ತಿನಿಂದ ನಮ್ಮ ಮನಿಯಾಗ ಅದ ಅಳತಿ: ಹಬ್ಬಕ್ಕ ಲಿಂಬಿಹಣ್ಣಿನಷ್ಟು, ಊಟದ ಕಡಿಗೆ, ಮದಲ ಪಲ್ಯ-ಕಾಳು ತಿಂದ ಮ್ಯಾಲ. ಮಂದಿಗೆ ಹೇಳಾಕ ಒಂದ ಮಾತು: "ಡಾಕ್ಟರ್ ಹೇಳ್ಯಾರ." ಹೆಚ್ಚಿಗಿ ವಿವರ ಯಾರಿಗೂ ಕೊಡಬೇಕಾಗಿಲ್ಲ.

ಉಪವಾಸದ ಬಗ್ಗೆ: ಸಕ್ಕರಿ ಗುಳಿಗಿ ತಗೊಳ್ಳೋ ಅವ್ವ, ಚಿಗವ್ವ, ಆಯಿ ಯಾರರ ಉಪವಾಸ ಮಾಡ್ತಿದ್ರ ಡಾಕ್ಟರನ್ನ ಕೇಳಿ ಮಾಡ್ಲಿ. ಗುಳಿಗಿ ತಗೊಂಡು ಖಾಲಿ ಹೊಟ್ಟಿ ಇದ್ರ ಸಕ್ಕರಿ ಒಮ್ಮೆಲೆ ಇಳೀಬಹುದು. ಉಪವಾಸ ಬಿಟ್ಟ ಮ್ಯಾಲ ತಾಟು ತುಂಬ ಸಾಬೂದಾಣಿ ತಿಂದ್ರ ಮತ್ತ ಏರತೈತಿ.

10/10

ಔಷಧದ ಮಾತು, ಮತ್ತ ಹುಡುಗರ ಪಾಲು.

ಯೀಸ್ಟ್ ಇನ್ಫೆಕ್ಷನ್ನಿಗೆ ಔಷಧ ಐತಿ, ಬಹಳ ತುಟ್ಟಿನೂ ಅಲ್ಲ. ಬಹಳಷ್ಟು ಮಂದಿಗೆ ಕ್ಲೋಟ್ರಿಮಝೋಲ್ ಅಥವಾ ಫ್ಲುಕೊನಝೋಲ್ ಸಾಕಾಗತೈತಿ. ಯಾವುದು, ಎಷ್ಟು ದಿನ ಅನ್ನೋದು ಡಾಕ್ಟರ್ ಹೇಳಬೇಕು. ಬಸಿರಿದ್ರ ಫ್ಲುಕೊನಝೋಲ್ ತಾವಾಗೇ ತಗೊಳ್ಳೋಹಂಗ ಇಲ್ಲ. ಮತ್ತ ಮತ್ತ ಬರ್ತಿದ್ರ ಆರು ತಿಂಗಳದ ತನಕ ಔಷಧ ಕೊಡ್ತಾರ, ನನಗೂ ಹಂಗ ಕೊಟ್ರು. ಅಂಗಡಿಗೆ ಹೋಗಿ "ಕಡಿತಕ್ಕ ಕ್ರೀಮ್ ಕೊಡ್ರಿ" ಅಂದ್ರ ಸ್ಟೆರಾಯ್ಡ್ ಕೂಡಿಸಿದ ಕ್ರೀಮ್ ಬರಬಹುದು. ಎರಡು ದಿನ ತಂಪನಿಸತೈತಿ, ಶಿಲೀಂಧ್ರ ಒಳಗ ಹಬ್ಬತೈತಿ. ಟ್ಯೂಬಿನ ಮ್ಯಾಲ ಬರದಿದ್ದನ್ನ ಓದ್ರಿ.

ಹುಡುಗ್ರ, ನಿಮಗೂ ಬರ್ತೈತಿ: ತೊಡಿಸಂದಿ ಕಡಿತ, ತುದಿಯಾಗ ಕೆಂಪು, ಉರಿ. ಬಹಳ ಸಲ ಬಂದ್ರ ನೀವೂ ಸಕ್ಕರಿ ನೋಡಿಸ್ರಿ. ಮನಿಯಾಗ ಹಿರೇರು ಹಲ್ಲಿನ ಸೆಟ್ ಹಾಕ್ಕೋತಿದ್ರ ರಾತ್ರಿ ತಗದು ತೊಳದಿಡಾಕ ಹೇಳ್ರಿ, ಬಾಯಿ ಹುಣ್ಣು ಕಡಿಮಿ ಆಗತೈತಿ. ದಮ್ಮಿಗೆ ಇನ್ಹೇಲರ್ ಎಳೆಯೋವರು ಎಳದ ಮ್ಯಾಲ ಬಾಯಿ ಮುಕ್ಕಳಿಸ್ಲಿ. ಸಕ್ಕರಿಗೆ ಕೊಡೋ ಕೆಲವು ಗುಳಿಗಿ (ಡಾಪಾಗ್ಲಿಫ್ಲೋಝಿನ್ ಜಾತಿಯವು) ಸಕ್ಕರಿನ ಉಚ್ಚಿಯಾಗ ಹೊರಗ ಹಾಕ್ತಾವು, ಅದರಿಂದ ಯೀಸ್ಟ್ ಬರಬಹುದು. ಗುಳಿಗಿ ಬಿಡಬ್ಯಾಡ್ರಿ, ಡಾಕ್ಟರಿಗೆ ಹೇಳ್ರಿ.

ಎಲ್ಲಿ ಹೋಗಬೇಕು? ತಾಲೂಕು ಆಸ್ಪತ್ರಿಗೆ ಹೋಗಿ ಲೇಡಿ ಡಾಕ್ಟರ್ ಯಾವ ದಿನ ಇರ್ತಾರ ಅಂತ ಕೇಳ್ರಿ. ಹದಿಹರೆಯದವರಿಗೆ ಸರಕಾರಿ ಆಸ್ಪತ್ರಿಯಾಗ ಸ್ನೇಹ ಕ್ಲಿನಿಕ್ ಇರ್ತಾವು. ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಸಕ್ಕರಿ ತಪಾಸಣೆ ಮಾಡ್ತಾರ. ಒಳಗ ಹೋಗಿ "ಕಡಿತ ಐತಿ, ಬಿಳಿ ಹೋಗತೈತಿ" ಅಂದ್ರ ಸಾಕು, ಅವರಿಗೆ ತಿಳಿತೈತಿ. ಒಬ್ಬರ ಹೋಗಾಕ ಧೈರ್ಯ ಆಗದಿದ್ರ ಗೆಳತಿನ್ನ ಕರಕೊಂಡು ಹೋಗ್ರಿ. ಪಕ್ಕದ ರೂಮಿನಾಕಿ ಜೋಡಿ ನಾನು ಹೋಗಿದ್ದೆ. ಔಷಧಕ್ಕ ಕಡಿತ ಹೋತು. ಕಬ್ಬಿಣದ ಗುಳಿಗಿ, ರೊಟ್ಟಿ, ತಪ್ಪಲ ಪಲ್ಯ ಚಾಲು ಇಟ್ಲು, ಮೂರು ತಿಂಗಳಿಗೆ 10.9ಕ್ಕ ಬಂದಾಳ.

ಈ ವಾರ ಒಂದ ಕೆಲಸ ಮಾಡ್ರಿ. ಚಾರ್ಟ್ ಹಿಡಕೊಂಡು ಊಟ ಬಿಡೋ ಮೊದಲು, ಮನಿಗೆ ಹೋದಾಗ ಅವ್ವನ ಪಕ್ಕ ಮಲಗಿ ಮೆಲ್ಲಕ ಕೇಳ್ರಿ: "ಯವ್ವಾ, ನಿನಗೇನರ ತ್ರಾಸ ಐತೇನ?" ಒಮ್ಮೆಲೆ ಹೇಳಲಿಕ್ಕಿಲ್ಲ. ಎರಡನೇ ಸಲ ಕೇಳ್ರಿ.

ಮುಂದಿನ ಸೀರೀಸ್: ಹಾಸ್ಟೆಲ್ ಮೆಸ್ಸಿನ್ಯಾಗ ರಕ್ತ ಹೆಚ್ಚಾಗೋ ಊಟ ಹೆಂಗ ಮಾಡಿಸ್ಕೋಬೇಕು.

#ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ಜ್ವಾಳದರೊಟ್ಟಿ #ನಾಚಿಕಿಬಿಡ್ರಿ